ಶಿವನಂಜಮ್ಮನ ಬೆರಳಿಗೆ ಅಂಟಿದ ಹೂವಿನ ಗಂಟು

ಶಿವನಂಜಮ್ಮನ ಬೆರಳಿಗೆ ಬುದ್ಧಿ ಹೆಚ್ಚು ಎಂದು ಸದಾಶಿವಯ್ಯ ಮೇಷ್ಟರು ಮೊದಲ ವಾರದಲ್ಲೇ ಹೇಳಿಬಿಟ್ಟರು. ಅದೇನೂ ಹೊಗಳಿಕೆಯಾಗಿರಲಿಲ್ಲ.

ಐವತ್ತೇಳನೆಯ ಇಸವಿ. ಮೈಸೂರಿನಲ್ಲಿ ಹೊಸದಾಗಿ ತೆರೆದಿದ್ದ ಒಂದು ರೇಷ್ಮೆ ನೇಯ್ಗೆ ಕಾರ್ಖಾನೆ ತನ್ನ ಕೆಲಸಗಾರರಿಗೆ ತಾನೇ ಪಾಠ ಹೇಳಿಸುತ್ತಿತ್ತು. ಮಗ್ಗಗಳ ಸಾಲಿನ ಹಿಂದೆ ತಗಡಿನ ಮಾಡಿನ ಕೊಠಡಿ, ಒಂದು ಕರಿಹಲಗೆ, ಎರಡು ಹಳೇ ಮಗ್ಗ, ಹದಿನಾಲ್ಕು ಹೆಂಗಸರು. ಅದಕ್ಕೆ ಎಲ್ಲರೂ ‘ಇಸ್ಕೂಲು’ ಎನ್ನುತ್ತಿದ್ದರು. ಆರು ತಿಂಗಳ ಕಲಿಕೆ, ಕೊನೆಗೊಂದು ಪರೀಕ್ಷೆ. ಕಡಿದ ಎಳೆಗಳಿಗೆ ಇಪ್ಪತ್ತು ನಿಮಿಷದಲ್ಲಿ ನೂರು ಗಂಟು ಹಾಕಬೇಕು. ಮೂರಕ್ಕಿಂತ ಹೆಚ್ಚು ಜಾರಿದರೆ ಮನೆಗೆ.

ಮನೆಗೆ ಹೋಗಿ ಕೂರುವ ಹಾಗಿರಲಿಲ್ಲ ಶಿವನಂಜಮ್ಮ. ಗಂಡ ಮರಿಸ್ವಾಮಿ ಜಟಕಾ ಮಗುಚಿ ಸೊಂಟ ಮುರಿದುಕೊಂಡು ಮಲಗಿ ಎಂಟು ತಿಂಗಳಾಗಿತ್ತು. ಕುದುರೆ ಬೇರೆಯವರ ಗಾಡಿ ಎಳೆಯುತ್ತಿತ್ತು. ಮಡಿಲಲ್ಲಿ ಮೂರು ತಿಂಗಳ ಹೆಣ್ಣುಕೂಸು.

ಕುಂಬಾರಕೊಪ್ಪಲಿನ ಆ ಮನೆಯಲ್ಲಿ ಅತ್ತೆ ತಿಮ್ಮಮ್ಮ, ಸೊಸೆ ಇಬ್ಬರೂ ಬೆಳಗಿನ ಜಾವವೇ ಕೂತು ಮಾರುಕಟ್ಟೆಗೆ ಹೂ ಕಟ್ಟುತ್ತಿದ್ದರು. ಶಿವನಂಜಮ್ಮ ಏಳು ವರ್ಷದವಳಿದ್ದಾಗಿನಿಂದ ಕಟ್ಟಿದವಳು. ಎರಡು ಬೆರಳು ಅಗಲಿಸಿ ಕುಣಿಕೆ ಹಾಕಿ ಎಳೆದರೆ ಆಯಿತು, ಕಣ್ಣು ಬೇಕಾಗಿರಲಿಲ್ಲ. ಆದರೆ ಹೂವಿನ ಗಂಟು ನಿಲ್ಲುವುದು ಒಳಗೆ ಹೂವಿನ ತೊಟ್ಟು ಇರುವುದರಿಂದ. ಬರಿಯ ರೇಷ್ಮೆ ಎಳೆಯಲ್ಲಿ ಹಿಡಿದುಕೊಳ್ಳಲು ಏನಿದೆ? ಮಗ್ಗ ನಾಲ್ಕು ಸಲ ಬಡಿಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು.

“ಏನಮ್ಮ, ಸೀರೆ ನೇಯೋಕೆ ಬಂದಿದೀಯೋ, ದಂಡೆ ಕಟ್ಟೋಕೋ?” ಎನ್ನುತ್ತಿದ್ದರು ಮೇಷ್ಟರು. “ಏನೂ ಬರದವರಿಗೆ ಕಲಿಸಿಬಿಡ್ತೀನಿ ಕಣಮ್ಮ. ನಿನಗೆ ಬರೋದನ್ನ ಹೆಂಗೆ ತೆಗೀಲಿ?”

ಅವಳಿಗೆ ನೇಕಾರರ ಗಂಟು ತಿಳಿಯದ್ದೇನಲ್ಲ. ನಿಧಾನಕ್ಕೆ ಹಾಕು ಎಂದರೆ ಚೆನ್ನಾಗಿಯೇ ಹಾಕುತ್ತಿದ್ದಳು. ಅವಸರವಾದರೆ, ಇಲ್ಲವೇ ಮನಸ್ಸು ಕೂಸಿನ ಕಡೆ ಹೋದರೆ, ಕೈ ತನ್ನ ಪಾಡಿಗೆ ಹೂ ಕಟ್ಟಿಬಿಡುತ್ತಿತ್ತು. ಮನಸ್ಸೋ, ಗಳಿಗೆಗೊಮ್ಮೆ ಹೋಗುತ್ತಿತ್ತು. ಬೆಳಿಗ್ಗೆ ಎರಡು ಸಲ ಸೀನಿತಲ್ಲ, ನೆಗಡಿಯೇ ಇರಬೇಕು. ಅತ್ತೆ ಕಿವಿಗೆ ಬಟ್ಟೆ ಕಟ್ಟಿದರೋ ಇಲ್ಲವೋ. ಒಲೆಯ ಹತ್ತಿರ ಮಲಗಿಸಿದ್ದರೆ? ಹೊತ್ತಾದಂತೆ ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿತ್ತು. ಮಧ್ಯಾಹ್ನದ ಸೈರನ್ ಕೂಗಿದ್ದೇ ಗೇಟಿಗೆ ಓಡುವಳು. ತಿಮ್ಮಮ್ಮ ಕೂಸನ್ನೆತ್ತಿಕೊಂಡು ಅಷ್ಟು ದೂರ ನಡೆದು ಬಂದು ಮರದಡಿ ಕೂತಿರುತ್ತಿದ್ದಳು.

ನಾಲ್ಕನೆಯ ತಿಂಗಳು ಮುಗಿದಾಗಲೂ ನೂರಕ್ಕೆ ಹನ್ನೊಂದು ಜಾರಿದವು. ಅಂದು ಮರದಡಿ ಶಿವನಂಜಮ್ಮ ಎಲ್ಲವನ್ನೂ ಅತ್ತೆಗೆ ಹೇಳಿಕೊಂಡು ಅತ್ತಳು.

ಮಾರನೆಯ ಬೆಳಿಗ್ಗೆ ಅವಳು ಹೂವಿನ ಮೊರದ ಮುಂದೆ ಕೂತರೆ ತಿಮ್ಮಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. “ಮುಟ್ಟಬ್ಯಾಡ. ದಿನಾ ಬೆಳಿಗ್ಗೆ ನಾನೇ ನಿನ್ ಕೈಗೆ ಊವಿನ್ ಗಂಟು ಕಲ್ಸಿ ಕಳಿಸ್ತಾವ್ನಲ್ಲೇ!”

“ಅಷ್ಟು ಹೂವ ನೀವೊಬ್ರೇ ಎಂಗೆ ಕಟ್ತೀರ ಅತ್ತೆ? ಕಣ್ಣು ಬೇರೆ ಮಂಜು.”

“ಮೂಗಿಲ್ವಾ? ಮೂಸ್ಕೊಂಡು ಕಟ್ತೀನಿ. ಓಗು, ಒಂದೆರಡು ದಾರದ ಚೂರು ಇಟ್ಕೊಂಡು ನಿನ್ ಪಾಠ ಮಾಡ್ಕೊ.”

ಹಾಸಿಗೆಯಿಂದ ಮರಿಸ್ವಾಮಿ, “ನನ್ ಕೈಗಾದ್ರೂ ಕೊಡವ್ವ ಒಂದು ಮೊರ,” ಎಂದ.

“ನೀನು ಕಟ್ಟಿದ್ದನ್ನ ಎಮ್ಮೇನೂ ಮುಡಿಯಲ್ಲ,” ಎಂದಳು ತಿಮ್ಮಮ್ಮ. ಎರಡು ದಿನವಾದ ಮೇಲೆ ಅವನಿಗೂ ಒಂದು ಮೊರ ಕೊಟ್ಟಳು.

ಅಂದಿನಿಂದ ಶಿವನಂಜಮ್ಮ ಹೂ ಮುಟ್ಟಲಿಲ್ಲ. ಹಾಲೂಡಿಸುವಾಗ, ಒಲೆಯ ಮುಂದೆ, ಕೈಯಲ್ಲಿ ದಾರವೇ. ಗೌರಿ ಹಬ್ಬದ ದಿನ ಮಾತ್ರ ಮನಸ್ಸು ತಡೆಯದೆ, ದೇವರಿಗೊಂದು ಮೊಳವಾದರೂ ಇರಲಿ ಎಂದು ಮಲ್ಲಿಗೆ ಎತ್ತಿಕೊಂಡು ಕೂತಳು. ನಾಲ್ಕು ಮೊಗ್ಗು ಇಟ್ಟು ನಾರು ಸುತ್ತಿದಳು. ಬೆರಳು ನಿಂತುಬಿಟ್ಟಿತು. ಎಳೆದದ್ದೇ ತಡ, ಮೊಗ್ಗೆಲ್ಲ ಉದುರಿ ಸೆರಗಿಗೆ ಬಿದ್ದವು. ಮತ್ತೊಮ್ಮೆ ಸುತ್ತಿದಳು, ಮತ್ತೆ ಉದುರಿದವು. ಹೆತ್ತ ಅವ್ವ ಕೈಹಿಡಿದು ಕಲಿಸಿದ್ದು. ಅವ್ವನೂ ಇಲ್ಲ ಈಗ. ಹಬ್ಬದ ದಿನ ಅಳಬಾರದೆಂದು ತುಟಿ ಕಚ್ಚಿದರೂ ಕಣ್ಣು ಕೇಳಲಿಲ್ಲ.

“ಏನೇ ಅದು?” ತಿಮ್ಮಮ್ಮ ಬಗ್ಗಿ ನೋಡಿದಳು.

“ಮರ್ತೋಯ್ತು ಅತ್ತೆ.”

“ಮರ್ತೋಯ್ತಾ?” ತಿಮ್ಮಮ್ಮ ಕೂತಲ್ಲೇ ಚಪ್ಪಾಳೆ ಹೊಡೆದಳು. “ಲೋ ಮರಿ, ಕೇಳಿಸ್ಕೊಂಡೇನೋ? ಇವಳಿಗೆ ಮರ್ತೋಯ್ತಂತೆ ಕಣೋ!” ಮರುಗಳಿಗೆ ಸೊಸೆಯ ಮುಖ ನೋಡಿದಳು. ಉದುರಿದ ಮೊಗ್ಗುಗಳನ್ನೆಲ್ಲ ಆಯ್ದು, ತಾನೇ ಕಟ್ಟಿ, ದೇವರಿಗಿಂತ ಮುಂಚೆ ಅವಳಿಗೆ ಮುಡಿಸಿದಳು.

ಪರೀಕ್ಷೆಯ ದಿನ ಕೂಸಿಗೆ ಮೈ ಬೆಚ್ಚಗಿತ್ತು. ಹೋಗಲೋ ಬೇಡವೋ ಎಂದು ಹೊಸಿಲಲ್ಲಿ ಮೂರು ಸಲ ನಿಂತು, ಮೂರು ಸಲ ಒಳಗೆ ಬಂದು ಹಣೆ ಮುಟ್ಟಿ, ಕೊನೆಗೆ ಓಡಿಯೇ ಹೋದಳು. ಮೇಷ್ಟರು ಗಡಿಯಾರ ನೋಡಿ ಕೈಯೆತ್ತಿದರು. ಎಳೆಗಳ ಮೇಲೆ ಅವಳ ಕಣ್ಣಿತ್ತು, ಮನಸ್ಸು ಆ ಹಣೆಯ ಮೇಲಿತ್ತು. ಇಪ್ಪತ್ತು ನಿಮಿಷ ಹೇಗೆ ಕಳೆಯಿತೋ ತಿಳಿಯಲಿಲ್ಲ. ಆಮೇಲೆ ಅವರು ಒಂದೊಂದೇ ಗಂಟನ್ನು ಎಳೆದು ನೋಡುತ್ತಾ ಬಂದರು. ಹದಿನೆಂಟನೆಯದು ಜಾರಿತು. ಎಪ್ಪತ್ತಮೂರನೆಯದು ಜಾರಿತು. ನೂರು ಮುಗಿಯಿತು.

“ಎರಡೇ,” ಎಂದರು ಮೇಷ್ಟರು. “ಸೋಮವಾರದಿಂದ ಮಗ್ಗಕ್ಕೆ ಬಾರಮ್ಮ. ಈಗ ಹೋಗು, ಆಗಿಂದ ಗೇಟಿನ ಕಡೇನೇ ನೋಡ್ತಿದೀಯ.”

ಮರದಡಿ ತಿಮ್ಮಮ್ಮ ಎದ್ದು ನಿಂತಿದ್ದಳು. ಶಿವನಂಜಮ್ಮ ಓಡಿ ಬಂದಳು. ಕೂಸಿನ ಹಣೆಗೆ ಕೈಯಿಟ್ಟಳು. ತಣ್ಣಗಿತ್ತು. ಆಗ ಬಿಕ್ಕಿಬಿಕ್ಕಿ ಅಳು ಬಂತು.

“ಪಾಸೋ, ಫೇಲೋ? ಅದನ್ನಾರ ಏಳೇ!”

“ಪಾಸು.”

“ಅಂಗಾದ್ರೆ ಮೊದ್ಲು ಮಗೀಗೆ ಆಲು ಕೊಡು,” ಎಂದು ತಿಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆಮೇಲೆ ಇಬ್ರೂ ಕೂತ್ಕೊಂಡು ಅಳಾನ.”