ಕಪ್ಪು ಕಿವಿಯ ಫೋರ್‌ಮನ್

ಭದ್ರಾವತಿಯ ನಮ್ಮ ನೆರೆಮನೆಯ ಫೋರ್‌ಮನ್ನರ ಬಲಗಿವಿ ಶಾಖಕ್ಕೆ ಕಪ್ಪಾಗಿತ್ತು. ಕಬ್ಬಿಣ ಕರಗಿಸುವ ಫರ್ನೇಸಿನ ಗೋಡೆಗೆ ಸಲಾಕೆ ಒತ್ತಿ, ಅದರ ಇನ್ನೊಂದು ತುದಿಗೆ ಕಿವಿಯಿಟ್ಟು ಒಳಗಿನ ಕುದಿತವನ್ನು ಆಲಿಸುತ್ತಿದ್ದರಂತೆ. ಗಂಡು ನೋಡುವ ಮಾತಿರಲಿ, ಹಲಸಿನ ಹಣ್ಣಿರಲಿ, "ಒಳಗೇನಿದೆ ಅಂತ ಕಂಡೋರ್ಯಾರು ಮಾರಾಯ?" ಎನ್ನುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಆಕಾಶದಿಂದ ಸುರಿಯುವ ಸೂಕ್ಷ್ಮ ಕಣಗಳು ಬೆಟ್ಟವನ್ನೂ ತೂರಿ ಬರುತ್ತವೆ. ಅವನ್ನು ಹಿಡಿದು ಜಪಾನಿನವರು ಜ್ವಾಲಾಮುಖಿಯ ಒಳಗಿನ ಚಿತ್ರವನ್ನು ಎಕ್ಸ್‌ರೇಯಂತೆ ತೆಗೆದಿದ್ದಾರೆ.

ಅವರು ಅಂಗಳಕ್ಕಿಳಿದು ಅಂಗೈ ಚಾಚಿದರು. "ಈಗ್ಲೂ ಬೀಳ್ತಿದ್ಯಾ?"

"ಹೂಂ ಸಾರ್, ಕೈ ತೂರಿ ಹೋಗ್ತಿದೆ."

"ಫರ್ನೇಸನ್ನೂ ತೂರುತ್ತಾ?"

"ತೂರುತ್ತೆ. ಅದನ್ನೂ ನೋಡೋಕೆ ಹೊರಟಿದ್ದಾರೆ."

ಬಹಳ ಹೊತ್ತು ಅವರು ಕೈ ಹಿಂದೆಗೆಯಲಿಲ್ಲ. ಆಮೇಲೆ ಕಪ್ಪು ಕಿವಿಯನ್ನು ಸವರಿಕೊಂಡು, "ಹಾಗಾದ್ರೆ ಮುಂದೆ ಬರೋರ ಕಿವಿ ಉಳೀತು ಬಿಡು," ಎಂದರು.