ಮೇಷ್ಟ್ರು ಕತ್ತರಿಸಿದ ಕೊಸರು

ನಿವೃತ್ತ ಮೇಷ್ಟ್ರಿಗೆ ಜವಳಿ ವ್ಯಾಪಾರಿ ಮೊದಲ ನೋಟದಲ್ಲೇ ಬೆಲೆ ಕಟ್ಟಿದ್ದ: ಒಗೆದಷ್ಟೂ ಕುಗ್ಗುವ, ಆದರೆ ಬಣ್ಣ ಬಿಡದ ಮಾಲು. ಎದೆಯಳತೆ ಮೂವತ್ತೆರಡು, ಮೂಗಿನ ತುದಿಯ ಸಿಟ್ಟು ಟೇಪಿಗೆ ಸಿಗದ್ದು. ಮೂವತ್ತು ವರ್ಷ ಮಕ್ಕಳಿಗೆ ಪದ್ಯ ಬಿಡಿಸಿ ಹೇಳಿದವರು, ಸ್ವತಃ ಒಂದು ಸಾಲೂ ಬರೆದವರಲ್ಲ. ಯಾರು ಮಾತಾಡಿದರೂ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳ ಮೇಲೆ ಮಾತ್ರೆ ಎಣಿಸುತ್ತಾ ಕೂರುವರು. ಹೆಂಡತಿ ಬೈದಾಗಲೂ, "ಚೆನ್ನಾಗಿ ಬಂತು, ಕೊನೇಲಿ ಸ್ವಲ್ಪ ಓಟ ತಪ್ಪಿತು" ಎಂದು ತೀರ್ಪು ಕೊಟ್ಟು ಇನ್ನೊಂದು ಸುತ್ತು ಬೈಸಿಕೊಳ್ಳುವರು.

ಇಂಥವರ ಬಾಗಿಲಿಗೆ ವ್ಯಾಪಾರಿ ಒಂದು ಬೆಳಿಗ್ಗೆ ಅಂಗಡಿ ಬಿಲ್ಲಿನ ಹಿಂಬದಿಯಲ್ಲಿ ತಾನೇ ಗೀಚಿದ ಎಂಟು ಸಾಲು ಹಿಡಿದು ಬಂದ. ತೀರಿಹೋದ ಹೆಂಡತಿಯ ನೆನಪಿಗೆ ಪಾರ್ಕಿನಲ್ಲಿ ಕಲ್ಲುಬೆಂಚು ಹಾಕಿಸಿದ್ದ. ಮಧ್ಯಾಹ್ನ ಕಲ್ಲುಕುಟಿಗ ಅದರ ಮೇಲೆ ಪದ್ಯ ಕೆತ್ತುವವನಿದ್ದ. ಬಟ್ಟೆಯಾದರೆ ಹೊಲಿಗೆ ಬಿಚ್ಚಬಹುದು; ಕಲ್ಲಿನಲ್ಲಿ ತಪ್ಪಿದರೆ ತಪ್ಪಿದ್ದೇ.

ಮೇಷ್ಟ್ರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಸಾಲುಗಳನ್ನು ಗಣಗಣವಾಗಿ ಸೀಳಿದರು.

"ಸಾಲಿಗೆ ಮೂರು ಗಣ, ಗಣಕ್ಕೆ ಐದು ಮಾತ್ರೆ. ಕಟ್ಟು ಭದ್ರವಾಗಿದೆ. ಆದ್ರೆ ಪ್ರತಿ ಸಾಲಿನ ಬಾಲದಲ್ಲೂ ಇದೇನ್ರೀ, 'ಕಣೆ', 'ಕಣೆ'? ಎರಡೆರಡು ಮಾತ್ರೆ ಜಾಸ್ತಿ!"

"ಅದು ಕೊಸರು ಮೇಷ್ಟ್ರೇ. ಅಂಗಡೀಲಿ ಮೀಟರಿಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಹರಿಯೋದು. ಕಂಡವರಿಗೆಲ್ಲ ಕೊಟ್ಟು ಅವಳಿಗೆ ಇಲ್ಲ ಅನ್ನಲಾ?"

"ಇದು ಪದ್ಯ ಸಾವ್ಕಾರ್ರೇ, ಪರದೆ ಬಟ್ಟೆ ಅಲ್ಲ. ಎಂಟು ಸಲ ಕೂಗಿದ್ರೆ ಬದುಕಿದ್ದೋರೂ ತಿರುಗಿ ನೋಡಲ್ಲ."

ಪೆನ್ಸಿಲು ಸರಸರನೆ ಓಡಿತು. ಒಂದೊಂದು 'ಕಣೆ' ಹೋದಾಗಲೂ ವ್ಯಾಪಾರಿ ಬಿಲ್ಲಿನ ಅಂಚನ್ನು ತನ್ನತ್ತ ಎಳೆದುಕೊಂಡ. ಹೆಂಡತಿಯನ್ನು ಹೆಸರು ಹಿಡಿದು ಕರೆದವನೇ ಅಲ್ಲ; ಆಯುಷ್ಯವೆಲ್ಲ ಆ ಒಂದು ಮಾತಿನಲ್ಲೇ ಸಾಗಿತ್ತು.

ಎಂಟನೆಯ ಸಾಲನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು. "ನೀ ಕುಳಿತ ಜಾಗದಲಿ ಬಿಸಿಲಿಹುದು." ಅಳತೆ ಸರಿ, ಗೆಣ್ಣುಗಳದ್ದೇನೂ ತಕರಾರಿಲ್ಲ. ಮತ್ತೆ ಓದಿದರು, ಈ ಸಲ ದನಿ ತಗ್ಗಿಸಿ, ಬಾಲವನ್ನೂ ಸೇರಿಸಿ. "ನೀ ಕುಳಿತ ಜಾಗದಲಿ ಬಿಸಿಲಿಹುದು ಕಣೆ."

ಹೆಬ್ಬೆರಳು ನಡುವೆಯೇ ನಿಂತಿತು. ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿಯ ದನಿ ಬಂತು: "ಯಾರನ್ರೀ ಅಷ್ಟು ಮೆತ್ತಗೆ ಕರೀತಿರೋದು? ನನ್ನಂತೂ ಅಲ್ಲ!"

ಮೇಷ್ಟ್ರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಅಳೋ ಪದ್ಯ ಅಂದ್ಕೊಂಡಿದ್ದೆ. ಅಲ್ಲ. ಸಂಜೆ ಮನೆಗೆ ಬಂದು, ಚಪ್ಪಲಿ ಬಿಡ್ತಾ ಸುದ್ದಿ ಹೇಳೋ ಧಾಟಿ ಇದು. ಇದೊಂದು ಇರಲಿ. ಛಂದಸ್ಸಿನ ಪ್ರಕಾರ ತಪ್ಪೇ. ಯಾರಾದ್ರೂ ಕೇಳಿದ್ರೆ ಮೇಷ್ಟ್ರು ನೋಡೇ ಇಲ್ಲ ಅನ್ನಿ."

ಬೆಂಚಿನ ಮೇಲೆ ಈಗ ಒಂದೇ ಒಂದು 'ಕಣೆ' ಇದೆ; ಓದಿದವರ ಕಿವಿಯಲ್ಲಿ ಉಳಿಯುವುದೂ ಅದೇ. ಏಳನ್ನು ಹೊಡೆದುಹಾಕಿದ್ದಕ್ಕೂ ಎಂಟನೆಯದನ್ನು ಮುಟ್ಟದೆ ಬಿಟ್ಟಿದ್ದಕ್ಕೂ ವ್ಯಾಪಾರಿ ಮೇಷ್ಟ್ರಿಗೆ ಋಣಿ.