ಒಂದಿಂಚಣ್ಣನ ಬಲಗಣ್ಣು

ಪಕ್ಕದ ಮನೆಯವರು ಕೊಲೆಗಡುಕರೆಂದು ನಾನು ಬಹಳ ಕಾಲ ನಂಬಿದ್ದೆ. ನಂಬದೆ ಏನು ಮಾಡಲಿ? ಸಂಜೆಯಾದರೆ ಗೋಡೆಯಾಚೆಯಿಂದ ಆ ದನಿ: "ಇವತ್ತೂ ಐದಕ್ಕೆ ಐದು ಎದೆಗೇ ಕಣೇ! ಒಂದರ ಪಕ್ಕ ಒಂದು!" ಹೆಂಡತಿ ತಣ್ಣಗೆ, "ಕೈ ತೊಳ್ಕೊಂಡು ಬನ್ನಿ, ಟೀ ಆರ್ತಿದೆ" ಎನ್ನುತ್ತಿದ್ದರು. ಮೆಟ್ಟಿಲಲ್ಲಿ ಎದುರಾದರೆ ನಾನು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆ. ಅವರು ಅದನ್ನು ಗೌರವವೆಂದು ತಿಳಿದು, ತಮಗೆ ಸಲ್ಲಬೇಕಾದದ್ದೇ ಎಂಬಂತೆ ತಲೆಯಾಡಿಸಿ ಹೋಗುತ್ತಿದ್ದರು.

ಆಮೇಲೆ ತಿಳಿಯಿತು: ಅವರು ಹಲ್ಲಿ ಕಂಡರೆ ಕುರ್ಚಿ ಹತ್ತುವ ಜಾತಿ. ಊರಾಚೆಯ ರೈಫಲ್ ಕಾರ್ಖಾನೆಯಲ್ಲಿ ಪರೀಕ್ಷಕರು. ಸೈನ್ಯದ ಸ್ನೈಪರ್‌ಗಳಿಗೆ ಹೋಗುವ ಬೋಲ್ಟ್-ಆಕ್ಷನ್ ರೈಫಲ್ಲುಗಳನ್ನು ಒಂದೊಂದಾಗಿ ಹಿಡಿದು, ಬೋರಲು ಮಲಗಿ, ಅದರ ಮೇಲಿನ ದುರ್ಬೀನಿಗೆ ಬಲಗಣ್ಣಿಟ್ಟು, ನೂರು ಗಜ ಆಚೆಯ ಕಾಗದದ ಎದೆಗೆ ಐದು ಗುಂಡು ಹೊಡೆಯುವುದು ಅವರ ಉದ್ಯೋಗ. ಐದು ತೂತೂ ಒಂದಿಂಚಿನೊಳಗೆ ಬಿದ್ದರೆ ರೈಫಲ್ ಪಾಸು, ಇಲ್ಲವಾದರೆ ಅದರ ಕೊರಳಿಗೆ ಕೆಂಪು ಚೀಟಿ. ಹಾಗಾಗಿ ಊರಿಗೆಲ್ಲ ಅವರು ಒಂದಿಂಚಣ್ಣ.

ಗುಟ್ಟು ತಿಳಿದ ಮೇಲೆ ನನಗೆ ಭಯ ಹೋಯಿತು, ಕಿವಿಗೆ ಕೆಲಸ ಬಂತು. ಸಿಕ್ಕಲ್ಲೆಲ್ಲ ಒಂದಿಂಚಣ್ಣನ ಪಾಠ: "ತಾನೇ ಗುಂಡು ತುಂಬ್ಕೊಳ್ಳೋ ಬಂದೂಕು ಇದೆಯಲ್ಲ, ಅದು ಬಾಯಿಬಡುಕ ಇದ್ದಂಗೆ. ಒಳಗೆ ಏನೇನೋ ಕುಣೀತಾ ಇರುತ್ತೆ. ನಮ್ಮದು ಹಂಗಲ್ಲ. ಪ್ರತಿ ಗುಂಡಿಗೂ ಬೋಲ್ಟ್ ಅನ್ನೋ ಹಿಡಿಕೇನ ಕೈಯಾರೆ ಎತ್ತಬೇಕು, ಎಳೀಬೇಕು, ತಳ್ಳಬೇಕು, ಅದುಮಬೇಕು. ಗುಂಡು ಹೊರಡೋವಾಗ ಒಳಗೆ ಒಂದು ಪಿಳ್ಳೆಯೂ ಅಲ್ಲಾಡಲ್ಲ!" ಗುಂಡು ಸಾಗುವ ಕೊಳವೆ, ಅಂದರೆ ಬ್ಯಾರಲ್, ಮರದ ಹಿಡಿಗೆ ಎಲ್ಲೂ ತಾಗಬಾರದಂತೆ. ನಡುವೆ ಕಾಗದದ ಚೂರು ಸರಾಗವಾಗಿ ಜಾರಬೇಕಂತೆ. "ಎಂಟುನೂರು ಮೀಟರ್ ಆಚೆ ನಿಂತೋನಿಗೆ ಸದ್ದು ಕೇಳೋ ಹೊತ್ತಿಗೆ ಗುಂಡು ತಲುಪಿರುತ್ತೆ." ಹಾಗೆ ಆಚೆ ನಿಂತವನು ಯಾರು, ಅವನಿಗೂ ಮನೆಯಲ್ಲಿ ಟೀ ಆರುತ್ತಿರಬಹುದೇ ಎಂದು ಆ ಕಾರ್ಖಾನೆಯಲ್ಲಿ ಯಾರೂ ಕೇಳುವುದಿಲ್ಲ. ಕಸೂತಿ ಹಾಕುವವರು ದಾರದ ಬಣ್ಣ ಚರ್ಚಿಸುವಂತೆ ಅವರು ತೂತುಗಳನ್ನು ಚರ್ಚಿಸುತ್ತಾರೆ.

ಅಲ್ಲಿ ಇನ್ನೊಂದು ಪದ್ಧತಿಯಿತ್ತು: ರೈಫಲ್ಲಿಗೆ ಪರೀಕ್ಷೆ ಉಂಟು, ಪರೀಕ್ಷಕನಿಗೆ ಇಲ್ಲ. ರೈಫಲ್ಲನ್ನು ಬಿಗಿದು ಹೊಡೆಯುವ ಒಂದು ಕಬ್ಬಿಣದ ಸ್ಟ್ಯಾಂಡೂ ಹಿಂದೊಮ್ಮೆ ಬಂದಿತ್ತು. "ಕಬ್ಬಿಣಕ್ಕೆ ಉಸಿರು ಬಿಗಿಹಿಡಿಯೋಕೆ ಬರುತ್ತೇನ್ರೀ?" ಎಂದು ಒಂದಿಂಚಣ್ಣ ಮೂಗು ಮುರಿದದ್ದೇ ತಡ, ಅದು ಗೋದಾಮು ಸೇರಿತು.

ಈ ವರ್ಷ ಇದ್ದಕ್ಕಿದ್ದಂತೆ ಕೆಂಪು ಚೀಟಿಗಳ ಸುಗ್ಗಿ. ತೂತುಗಳು ಎರಡಿಂಚು, ಮೂರಿಂಚು ಚದುರತೊಡಗಿದವು. ಒಂದಿಂಚಣ್ಣ ದುರ್ಬೀನಿನ ಗಾಜು ಒರೆಸಿದರು, ಮತ್ತೆ ಒರೆಸಿದರು, ಕೊನೆಗೆ "ಬ್ಯಾರಲ್ ಸರಿ ಇಲ್ಲ" ಎಂದು ತೀರ್ಪು ಕೊಟ್ಟರು. ಬ್ಯಾರಲ್ ವಿಭಾಗದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವರ ಹೆಂಡತಿಯ ಸ್ವಂತ ತಮ್ಮ. ರೈಫಲ್ಲುಗಳು ರಾಶಿ ಬಿದ್ದಾಗ ಮೇಲಿನಿಂದ ತಜ್ಞರ ಸಮಿತಿ ಇಳಿಯಿತು. ಅವರು ಉಕ್ಕನ್ನು ಶಂಕಿಸಿದರು, ಮದ್ದನ್ನು ಶಂಕಿಸಿದರು, ಗಾಳಿಯನ್ನೂ ಬಿಡಲಿಲ್ಲ. ಪರೀಕ್ಷೆ ನಡೆಯುವ, ನಾಲ್ಕೂ ಕಡೆ ಮುಚ್ಚಿದ ಶೆಡ್ಡಿಗೆ ಗಾಳಿ ಹೇಗೆ ಬಂತೆಂದು ಕೇಳುವಷ್ಟು ಸಣ್ಣ ಮನುಷ್ಯರು ಸಮಿತಿಯಲ್ಲಿರಲಿಲ್ಲ. ಕೊನೆಗೆ ಬ್ಯಾರಲ್ಲಿನದೇ ತಪ್ಪು, ಮೇಸ್ತ್ರಿಯನ್ನು ಪೆಟ್ಟಿಗೆಗೆ ಮೊಳೆ ಹೊಡೆಯುವ ಶೆಡ್ಡಿಗೆ ತಳ್ಳಬೇಕು ಎಂದು ನಿರ್ಧರಿಸಿ, ಮರುದಿನ ಸಹಿ ಹಾಕುವುದೆಂದಾಯಿತು.

ಆ ಸಂಜೆ ಮೇಸ್ತ್ರಿ ಅಕ್ಕನ ಮನೆಗೆ ಬಂದ. ಗಲಾಟೆ ಕೇಳಿ ನಾನೂ ಹೋಗಿ ಬಾಗಿಲಲ್ಲಿ ನಿಂತೆ.

"ಭಾವ, ಒಂದೇ ಒಂದ್ಸಲ ಆ ಸ್ಟ್ಯಾಂಡಿಗೆ ಬಿಗಿದು ಹೊಡೆದು ನೋಡಿ. ಕೈ ಮುಗೀತೀನಿ."

"ಏನಪ್ಪಾ, ನನ್ನ ಕೈ ಮೇಲೇ ಅನುಮಾನಾನಾ?"

"ಕೈ ಮೇಲಲ್ಲ ಭಾವ..."

"ಮತ್ತೆ? ನಿನ್ನ ಬ್ಯಾರಲ್ ಡೊಂಕು ಅಂತ ಒಪ್ಕೊಳ್ಳೋಕೆ ನಾಚಿಕೆ, ಅದಕ್ಕೆ ನನ್ನ ತಲೆ ತಿಂತೀಯ."

ಅಕ್ಕ ಒಳಗಿನಿಂದ ಬಂದವರು, ಸೀದಾ ಗಂಡನ ಹಿಂದೆ ನಿಂತು ಅವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. "ರೀ, ಬಾಗಿಲ ಹತ್ರ ಯಾರಿದಾರೆ ಹೇಳಿ?"

"ಏನಿದು ಮಕ್ಕಳಾಟ! ಯಾರೂ ಇಲ್ಲ. ಗೂಟಕ್ಕೆ ಕೋಟು ನೇತಾಕಿದೀಯ, ಅಷ್ಟೇ."

ಕೋಟು ನಾನು. ಕೆಮ್ಮಿದೆ. ಒಂದಿಂಚಣ್ಣ ಬೆಚ್ಚಿಬಿದ್ದರು.

"ಬಲಗಣ್ಣಿಗೆ ಪೊರೆ ಬಂದು ಯಾವ ಕಾಲ ಆಯ್ತೋ! ನೀವು ಟೀನ ಲೋಟದ ಪಕ್ಕ ಸುರಿಯೋವಾಗ್ಲೇ ಅನ್ಕೊಂಡೆ. ದುರ್ಬೀನು ಒರೆಸಿ ಒರೆಸಿ ಸವೆಸಿದ್ರಲ್ಲ, ಮಬ್ಬಾಗಿರೋದು ಅದಲ್ಲ, ನೀವು!" ಎಂದು ಅಕ್ಕ ಕೈ ತೆಗೆದರು.

ತಮ್ಮ ನಗಲಿಲ್ಲ. ಒಂದಿಂಚಣ್ಣ ಅವನ ಮುಖ ನೋಡಲಿಲ್ಲ. "ವಯಸ್ಸಾದ್ಮೇಲೆ ಯಾರಿಗಾದ್ರೂ..." ಎಂದು ಶುರುಮಾಡಿ ಅರ್ಧಕ್ಕೇ ನುಂಗಿ, ಎದ್ದು ಹೋಗಿ ಮಲಗಿಬಿಟ್ಟರು.

ಮುಂದಿನದನ್ನು ಮೇಸ್ತ್ರಿಯೇ ನನಗೆ ಹೇಳಿದ್ದು. ಬೆಳಗ್ಗೆ ಸಮಿತಿ ಪೆನ್ನು ತೆಗೆಯುವಷ್ಟರಲ್ಲಿ ಒಂದಿಂಚಣ್ಣ ಧೂಳು ಹಿಡಿದ ಸ್ಟ್ಯಾಂಡನ್ನು ಗೋದಾಮಿನಿಂದ ಎಳೆದು ತಂದರಂತೆ. ಕೆಂಪು ಚೀಟಿಯ ರೈಫಲ್ಲೊಂದನ್ನು ಬಿಗಿದು, ಎಲ್ಲರ ಮುಂದೆ ಐದು ಗುಂಡು ಹೊಡೆದರಂತೆ. ಐದು ತೂತನ್ನೂ ಒಂದು ಬಾಟಲಿ ಮುಚ್ಚಳದಿಂದ ಮುಚ್ಚಬಹುದಿತ್ತು. ಇನ್ನೂ ಎರಡು ರೈಫಲ್ಲು ಬಿಗಿದರು, ಅವೂ ಹಾಗೆಯೇ.

ಸಮಿತಿಯ ಅಧ್ಯಕ್ಷರು ಕಾಗದವನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲಕ್ಕೇರಿಸಿ, ಬಹಳ ಹೊತ್ತು ಯೋಚಿಸಿ ಕೇಳಿದರಂತೆ: "ಕುತೂಹಲಕಾರಿ! ಸ್ಟ್ಯಾಂಡಿನಲ್ಲಿಟ್ಟ ಕೂಡಲೇ ಈ ಬ್ಯಾರಲ್ ಸರಿಹೋಗೋದು ಹೇಗೆ?"

"ಬ್ಯಾರಲ್ಲು ಯಾವತ್ತೂ ಸರಿಯಾಗೇ ಇತ್ತು ಸಾರ್. ಕುರುಡ ನಾನು. ಆ ಹುಡುಗನ್ನ ಬಿಟ್ಟುಬಿಡಿ."